ಅಕ್ಕನ ಪಾಲಿನ ಗಂಜಿ

ಮಧ್ಯಾಹ್ನವಾಗುತ್ತಿದ್ದಂತೆ ನಮ್ಮ ಶಾಲೆಯ ಪಡಸಾಲೆಯ ತುದಿಯಿಂದ ಒಂದು ವಾಸನೆ ಏಳುತ್ತಿತ್ತು. ಬೆಳಿಗ್ಗೆ ನಾವೆಲ್ಲ ತಂದಿಟ್ಟ ಅಲ್ಯೂಮಿನಿಯಂ ಡಬ್ಬಿಗಳನ್ನು ದೊಡ್ಡದೊಂದು ಹಬೆಪೆಟ್ಟಿಗೆಯಲ್ಲಿ ಪೇರಿಸಿ ಬಿಸಿ ಮಾಡುತ್ತಿದ್ದರು. ಒಬ್ಬರ ಮನೆಯ ಉಪ್ಪುಮೀನು, ಇನ್ನೊಬ್ಬರ ಮನೆಯ ಒಣಮೂಲಂಗಿ, ಮತ್ತೊಬ್ಬರ ಮನೆಯ ಸೋಯಾ ರಸದಲ್ಲಿ ಬೆಂದ ಮೊಟ್ಟೆ, ಎಲ್ಲ ಸೇರಿ ಯಾರ ಮನೆಯದೂ ಅಲ್ಲದ ವಾಸನೆ. ಅದು ಕಿಟಕಿಯಿಂದ ಒಳಗೆ ಬಂತೆಂದರೆ ಮೇಷ್ಟ್ರ ಪಾಠ ಯಾರ ತಲೆಗೂ ಹೋಗುತ್ತಿರಲಿಲ್ಲ. ನನ್ನ ಡಬ್ಬಿ ಕಟ್ಟುತ್ತಿದ್ದವಳು ಅಕ್ಕ, ಬೀಶಿಯಾ. ಆರನೆಯ ತರಗತಿಗೇ ಶಾಲೆ ಬಿಟ್ಟು ನಮ್ಮ ತೈವಾನಿನ ಚಿಯಾಯಿ ಪೇಟೆಯ ಒಂದು ಊಟದಂಗಡಿಗೆ ಕೆಲಸಕ್ಕೆ ಸೇರಿದ್ದಳು. ಅವಳ ಸಂಬಳದಲ್ಲೇ ನಾನು ಕಾಲೇಜಿನವರೆಗೆ ಓದಿದ್ದು, ಭೂಗೋಳದ ಟೀಚರಾಗಿದ್ದು.

ದೂರ ಹಾರುವ ವಿಮಾನಗಳಲ್ಲಿ ಊಟ ಬಿಸಿ ಮಾಡುವಾಗಲೂ ಇದೇ ವಾಸನೆ ಬರುತ್ತದೆ. ಬರುತ್ತಿತ್ತು ಎನ್ನಬೇಕೇನೋ.

ಅಕ್ಕ ಮದುವೆಯಾಗಿ ವಿಯೆನ್ನಾಕ್ಕೆ ಹೋದಳು. ಅಲ್ಲಿ ಗಂಡಹೆಂಡತಿ ಸೇರಿ ಪುಟ್ಟ ಹೋಟೆಲೊಂದನ್ನು ನಡೆಸಿದರು. ಭಾವ ಒಲೆಯ ಮುಂದೆ, ಅಕ್ಕ ಗಲ್ಲಾದ ಮುಂದೆ. ಭಾವ ತೀರಿಕೊಂಡಾಗ ಅವರ ಅಸ್ಥಿಯನ್ನು ಅವಳೇ ಊರಿಗೆ ತಂದು ಗುಡ್ಡದ ಮೇಲಿನ ಗುಡಿಯ ಗೋಡೆಗೂಡೊಂದರಲ್ಲಿ ಇರಿಸಿ, ಪಕ್ಕದ ಗೂಡನ್ನು ತನಗೆಂದು ಹೇಳಿಟ್ಟು, ಮಾರನೆಯ ವಾರವೇ ವಾಪಸು ಹೋಗಿ ಹೋಟೆಲು ತೆರೆದಳು. ಮಕ್ಕಳಿರಲಿಲ್ಲ. ಈ ವರ್ಷ ಅವಳ ಗಂಟಲಿಗೆ ಕಾಯಿಲೆ ಬಂತೆಂದು ಸುದ್ದಿ ಬಂದಾಗ ಸಿಕ್ಕ ಟಿಕೆಟ್ ಹಿಡಿದು, ಎರಡು ಕಡೆ ವಿಮಾನ ಬದಲಿಸಿ ಓಡಿದೆ. ದಾರಿಯಲ್ಲಿ ಏನು ಕೊಟ್ಟರೋ, ಏನು ತಿಂದೆನೋ ನೆನಪಿಲ್ಲ.

ಜೀವಮಾನವಿಡೀ ಊರಿಗೆಲ್ಲ ಬಡಿಸಿದವಳು ಕೊನೆಗೆ ಒಂದು ಚಮಚ ನೀರೂ ನುಂಗಲಾರದೆ ಹೋದಳು. ಮೂಗಿನ ನಳಿಕೆಯಲ್ಲಿ ಬಿಳಿಯ ದ್ರವವೊಂದು ಹೊಟ್ಟೆಗೆ ಇಳಿಯುತ್ತಿತ್ತು. ಅದನ್ನು ನೋಡಿ, "ಇದಕ್ಕೆ ಬಿಲ್ ಹಾಕೋಕೆ ನಾಚಿಕೆ ಆಗಲ್ವಾ ಇವರಿಗೆ?" ಎಂದು ಚೀಟಿಯಲ್ಲಿ ಬರೆದು ತೋರಿಸಿದಳು. ಇನ್ನೊಂದು ದಿನ ಬರೆದದ್ದು ಒಂದೇ ಮಾತು: ಗಂಜಿ.

ನಮ್ಮ ತೈವಾನಿಗೆ ನೇರ ಹೋಗುವ ವಿಮಾನದಲ್ಲಿ, ಇಳಿಯುವ ಮೊದಲು ಕೊಡುತ್ತಿದ್ದ ಗಂಜಿ ಅದು. ಗೆಣಸಿನ ಹೋಳು ಹಾಕಿದ ಬಿಸಿ ಅಕ್ಕಿಗಂಜಿ, ನೆಂಚಿಕೊಳ್ಳಲು ಉಪ್ಪಿನಲ್ಲಿಟ್ಟ ಸೌತೆ. ಊರಿಗೆ ಬಂದಾಗಲೆಲ್ಲ ಅದನ್ನೇ ಹೊಗಳುತ್ತಿದ್ದಳು. "ನಮ್ಮೂರು ಶುರುವಾಗೋದು ವಿಮಾನ ಇಳಿದ ಮೇಲಲ್ಲ ಕಣೇ, ಆ ಗಂಜಿಯಿಂದ."

ಅವಳು ಹೋದ ಮೇಲೆ, ಅಸ್ಥಿಯ ಜಾಡಿಯನ್ನು ಹೋಟೆಲಿನ ಮೇಜಿನ ಮೇಲಿಟ್ಟು ಊರಿಗೆ ಹೊರಡಲು ಅವಳ ಅಪ್ಪಣೆ ಕೇಳಿದೆ. ಈಗ ಹೋಟೆಲು ನಡೆಸುತ್ತಿರುವ ಗುವಾನ್, ಮೊದಲು ಅಲ್ಲೇ ಪಾತ್ರೆ ತೊಳೆಯುತ್ತಿದ್ದವಳು, ಪಕ್ಕದಲ್ಲಿ ನಿಂತಿದ್ದಳು. ತೀರಿಕೊಂಡವರ ಮನಸ್ಸು ಕೇಳುವ ನಮ್ಮ ಪದ್ಧತಿಯಂತೆ ಎರಡು ನಾಣ್ಯ ಚಿಮ್ಮಿದೆ. ಒಂದು ಮುಖ, ಒಂದು ಅಂಕಿ ಬಿದ್ದರೆ ಒಪ್ಪಿಗೆ. ಎರಡೂ ಅಂಕಿ ಬಿತ್ತು: ಬೇಡ.

"ಅಕ್ಕಾ, ಭಾವ ಕಾಯ್ತಿದ್ದಾರೆ," ಎಂದೆ. ಎರಡೂ ಮುಖ. ನಗುತ್ತಿದ್ದಾಳೆ ಎಂದರ್ಥ.

"ಗುಡಿಯಲ್ಲಿ ಜಾಗ ಚೆನ್ನಾಗಿದೆ, ಬೆಟ್ಟ ಕಾಣುತ್ತೆ." ಮತ್ತೆ ಎರಡೂ ಅಂಕಿ.

ಗುವಾನ್ ಮೂಗೊರೆಸಿಕೊಂಡು, "ಯಜಮಾನಮ್ಮ ಬದುಕಿದ್ದಾಗಲೂ ಹಿಂಗೇ. ಅಂಗಡಿ ಬಿಟ್ಟು ಅಲ್ಲಾಡ್ತಿರಲಿಲ್ಲ. ತಿನ್ನೋ ಮಾತು ಎತ್ತಿ ನೋಡಿ ಆಂಟಿ," ಎಂದಳು.

"ಅಕ್ಕಾ, ವಿಮಾನದಲ್ಲಿ ಗಂಜಿ ಕೊಡ್ತಾರೆ. ನಿನ್ನ ಮುಂದೆ ಬಿಸಿಬಿಸಿ ಗಂಜಿ ಇಡ್ತೀನಿ. ಬರ್ತೀಯಾ?"

ಒಂದು ಮುಖ, ಒಂದು ಅಂಕಿ.

ಗುವಾನ್ ಅತ್ತಳು, ನಕ್ಕಳು, ಆಮೇಲೆ ದಾರಿಗೆಂದು ಅನ್ನದುಂಡೆಗಳನ್ನು ಕಟ್ಟಲು ಹೋದಳು. ನಾನೇ ತಡೆದೆ. "ಎರಡು ಹೊತ್ತು ಬಿಸಿ ಊಟ, ನಡುವೆ ನೂಡಲ್ಸು, ಹಣ್ಣಿನ ರಸ, ಎಲ್ಲ ಕೊಡ್ತಾರಮ್ಮ. ಸುಮ್ನೆ ಹೊರೆ ಯಾಕೆ?"

ತೀರಿಕೊಂಡ ಹಿರಿಯರನ್ನು ಹೀಗೆ ಕರೆತರುವಾಗ ದಾರಿಯುದ್ದಕ್ಕೂ ಹೇಳುತ್ತ ಬರಬೇಕು. ಹೇಳದೆ ಸೇತುವೆ ದಾಟಿದರೆ ಅವರು ಆಚೆ ದಡದಲ್ಲೇ ನಿಂತುಬಿಡುತ್ತಾರೆ. ಹೊಳೆ ಬಂದಾಗ ಹೇಳಿದೆ, ವಿಮಾನದ ಮೆಟ್ಟಿಲು ಬಂದಾಗ ಹೇಳಿದೆ. ವಿಮಾನ ನಿಲ್ದಾಣದ ಕೌಂಟರಿನಲ್ಲಿದ್ದ ಹುಡುಗಿ ನನ್ನ ಕಾಗದಪತ್ರ ನೋಡಿ, ನನ್ನ ಪಕ್ಕದ ನಡುವಿನ ಸೀಟನ್ನು ಖಾಲಿ ಬಿಟ್ಟಿದ್ದಳು. ಅದು ಒಳಗೆ ಹೋದ ಮೇಲೆ ತಿಳಿಯಿತು.

ಜಾಡಿಯ ಚೀಲವನ್ನು ಮಡಿಲಲ್ಲಿಟ್ಟುಕೊಂಡು ಕೂತೆ. ಗಗನಸಖಿಯೊಬ್ಬಳು ಬಂದು, "ಅಜ್ಜಿ, ಹಾರೋ ಹೊತ್ತಿಗೆ ಆ ಚೀಲ ಸೀಟಿನ ಕೆಳಗಿಡಬೇಕು," ಎಂದಳು.

"ಇದು ಚೀಲ ಅಲ್ಲಮ್ಮ. ನನ್ನಕ್ಕ."

ಹುಡುಗಿ ಚೀಲದತ್ತ ಬಗ್ಗಿ ನೋಡಿದಳು. ಎದೆಯ ಮೇಲಿನ ಪಟ್ಟಿಯಲ್ಲಿ ಪೈಶಾನ್ ಎಂದಿತ್ತು. ಕಂಬಳಿಯೊಂದನ್ನು ತಂದು ನಡುವಿನ ಸೀಟಿನಲ್ಲಿ ಗೂಡಿನಂತೆ ಮಡಿಸಿ, ಜಾಡಿಯನ್ನು ಕೂರಿಸಿ, ಬೆಲ್ಟು ಬಿಗಿದಳು. "ದೊಡ್ಡಜ್ಜಿ, ಬಿಗಿಯಾಯ್ತಾ? ಈಗ ಹೊರಡ್ತೀವಿ," ಎಂದು ಮೆಲ್ಲಗೆ ಹೇಳಿ ಮುಂದಿನ ಸಾಲಿಗೆ ಹೋದಳು.

ಆಚೆ ಬದಿಯ ಸೀಟಿನಲ್ಲಿದ್ದ ದಪ್ಪ ಗಂಡಸು ಇದನ್ನೆಲ್ಲ ನೋಡುತ್ತಿದ್ದ. ಜಾಡಿಯತ್ತ ಚಾಚಿದ್ದ ಮೊಣಕೈಯನ್ನು ಮೆಲ್ಲಗೆ ಒಳಗೆಳೆದುಕೊಂಡ. ಸ್ವಲ್ಪ ಹೊತ್ತಿನ ಮೇಲೆ ಗಂಟಲು ಸರಿಮಾಡಿಕೊಂಡು, "ನಾನು ಚಾಂಗ್‌ಹುವಾದ ತೂ. ತಿರುಪು ಮೊಳೆ ಮಾರೋನು. ಅಕ್ಕಾವ್ರೇ, ನನ್ನ ಗೊರಕೆ ಸ್ವಲ್ಪ ಜೋರು. ಈಗ್ಲೇ ಹೇಳ್ಬಿಡ್ತೀನಿ, ಆಮೇಲೆ ಕೋಪ ಮಾಡ್ಕೋಬಾರ್ದು," ಎಂದ. ಹೇಳಿದ್ದು ನನಗಲ್ಲ, ಜಾಡಿಗೆ.

"ಅವಳ ಗಂಡನೂ ಗೊರಕೆ ಹೊಡೀತಿದ್ರು. ಅಭ್ಯಾಸ ಇದೆ," ಎಂದೆ.

ಮೊದಲ ಊಟದ ಗಾಡಿ ನಮ್ಮ ಸಾಲಿಗೆ ಬರುವಷ್ಟರಲ್ಲಿ ಕೋಳಿಯನ್ನ ಮುಗಿದಿತ್ತು.

"ಮುಗೀತಾ? ಅರ್ಧ ವಿಮಾನಕ್ಕೇ ಮುಗೀತಾ?" ಎಂದ ತೂ. "ಕೋಳಿಗೇನು ರೆಕ್ಕೆ ಬಂದು ಹಾರಿಹೋಯ್ತಾ?"

"ಕ್ಷಮಿಸಿ ಸರ್. ಈಗ ತಲೆ ಎಣಿಸಿ ತುಂಬಿಸ್ತಾರೆ. ಪಾಸ್ತಾ ಇದೆ."

"ತಲೆ ಎಣಿಸ್ತಾರಂತೆ! ಹೊಟ್ಟೆ ಎಣಿಸೋಕೆ ಹೇಳಮ್ಮ."

ತಟ್ಟೆ ಎನ್ನುವಂಥದ್ದೇನೂ ಇರಲಿಲ್ಲ. ಕಾಗದದ ಡಬ್ಬಿ, ಮರದ ಚಮಚ, ಬೆರಳುದ್ದದ ಬ್ರೆಡ್ಡು. ಹಣ್ಣಿಲ್ಲ, ಬೆಣ್ಣೆಯಿಲ್ಲ. ನನ್ನ ಡಬ್ಬಿಯನ್ನು ಅಕ್ಕನ ಮುಂದಿಟ್ಟು ಮುಚ್ಚಳ ತೆಗೆದು, "ಅಕ್ಕಾ, ಊಟಕ್ಕೆ ಬಾ," ಎಂದು ಕರೆದೆ. ಹಬೆ ಆರುವವರೆಗೆ ಕಾದು, ನಾಣ್ಯಗಳನ್ನು ಅಂಗೈಯಲ್ಲಿ ಕುಲುಕಿ ಮಡಿಲಿನ ಕರವಸ್ತ್ರದ ಮೇಲೆ ಬಿಟ್ಟೆ. ಒಂದೇ ಸಲಕ್ಕೆ ಆಯಿತು ಎಂದಳು.

"ಬೇಗ ಮುಗಿಸಿದ್ರಲ್ಲ!" ಎಂದ ತೂ. ಪಾಪ, ಅವನೂ ತನ್ನ ಡಬ್ಬಿ ತೆರೆಯದೆ ಕಾದಿದ್ದ.

"ಹೋಟೆಲಿನವಳು. ಬೇರೆಯವರ ಅಡುಗೆ ಒಂದು ತುತ್ತು ರುಚಿ ನೋಡಿ ಬಿಟ್ಟುಬಿಡ್ತಾಳೆ."

"ಜಾಣರು. ನಾನು ಪೂರ್ತಿ ತಿನ್ಬೇಕಲ್ಲ."

ಊಟವಾದ ಮೇಲೆ ಕಿಟಕಿಗಳನ್ನು ಮುಚ್ಚಿಸಿದರು. ಮೊದಲೆಲ್ಲ ಈ ಹೊತ್ತಿನಲ್ಲಿ ಕಿತ್ತಳೆ ರಸದ ಲೋಟಗಳ ತಟ್ಟೆ ಹಿಡಿದು ಹುಡುಗಿಯರು ಓಡಾಡುತ್ತಿದ್ದರು. ಹಿಂದುಗಡೆ ಅಡುಗೆಮೂಲೆಯ ಹತ್ತಿರ ಜನ ನೂಡಲ್ಸ್ ಬಟ್ಟಲು ಹಿಡಿದು ನಿಂತು ಹರಟುತ್ತಿದ್ದರು. ಗುರುತಿಲ್ಲದವರು ಒಂದೇ ಉಗಿಯೊಳಗೆ ಮುಖವಿಟ್ಟು ಮಾತಾಡುವುದನ್ನು ನೋಡಲು ನನಗೆ ಇಷ್ಟ. ಈಗ ಹಿಂದುಗಡೆ ಪರದೆ ಎಳೆದಿದ್ದರು. ನೀರು ಬೇಕಾದವರು ಗುಂಡಿ ಒತ್ತಬೇಕಂತೆ.

ಕೊಡುವುದಿಲ್ಲ ಎಂದಲ್ಲ, ಕೇಳಿದರೆ ಕೊಡುತ್ತಾರೆ. ಆದರೆ ನಮ್ಮ ಕಾಲದವರಿಗೆ ಕೇಳಿ ಗೊತ್ತಿಲ್ಲ. ನಮ್ಮಲ್ಲಿ ಅತಿಥಿಯಾದವಳು ಬೇಡ, ಬೇಡ ಎನ್ನುತ್ತಲೇ ಇರಬೇಕು, ಮನೆಯವರು ಅದನ್ನು ಕೇಳಿಸಿಕೊಳ್ಳದೆ ಬಡಿಸುತ್ತಲೇ ಇರಬೇಕು. ಎಷ್ಟೋ ಮಾತುಗಳನ್ನು ನಾವು ಆಡದೆ ಉಳಿಸಿದ್ದು ಹೀಗೆಯೇ. ಬೇಕಾದರೆ ಗುಂಡಿ ಒತ್ತಿ ಎಂದುಬಿಟ್ಟರೆ, ನನ್ನಂಥವರು ಬಾಯಾರಿಕೊಂಡೇ ದೇಶ ದಾಟುತ್ತೇವೆ. ಎಲ್ಲೋ ಕಚೇರಿಯಲ್ಲಿ ಕೂತವರು, ಯಾರೂ ಕೇಳಲಿಲ್ಲ, ಹಾಗಾಗಿ ಯಾರಿಗೂ ಬೇಕಿರಲಿಲ್ಲ ಎಂದು ತಿಳಿದುಕೊಂಡಿರಬೇಕು. ಅವರ ಮೇಲೆ ನನಗೆ ಸಿಟ್ಟಿಲ್ಲ. ಅವರಿಗೆ ಬಡಿಸಿ ಅಭ್ಯಾಸವಿಲ್ಲ, ಅಷ್ಟೆ.

ಹೀಗೆ ಯೋಚಿಸುತ್ತ ಒಣ ತುಟಿ ಸವರಿಕೊಳ್ಳುತ್ತಿದ್ದಾಗ ಪೈಶಾನ್ ಬಂದಳು. ನಾನು ಗುಂಡಿ ಒತ್ತಿರಲಿಲ್ಲ. ಅವಳ ಕೈಯಲ್ಲಿ ಎರಡು ಕಾಗದದ ಲೋಟ ಬಿಸಿನೀರಿತ್ತು. ಒಂದನ್ನು ನನಗೆ ಕೊಟ್ಟು, ಇನ್ನೊಂದನ್ನು ಅಕ್ಕನ ಮುಂದಿಟ್ಟಳು.

"ನಂಗೆ?" ಎಂದ ತೂ.

"ನಿಮ್ಮ ಗೊರಕೆ ಕೇಳಿ ನಿದ್ದೆ ಮಾಡ್ತಿದ್ದೀರಿ ಅಂದ್ಕೊಂಡೆ ಸರ್."

"ನೋಡಿದ್ರಾ ಅಕ್ಕಾವ್ರೇ, ಅನ್ನ ಕಮ್ಮಿ ಮಾಡಿದ್ರೂ ಬಾಯಿ ಕಮ್ಮಿ ಮಾಡಿಲ್ಲ ಇವರು," ಎಂದು ನಕ್ಕ. ಆದರೂ ಅವನ ಸಿಟ್ಟು ಇಳಿದಿರಲಿಲ್ಲ. ಫೋನಿನಲ್ಲಿ ದೂರು ಬರೆಯುತ್ತಿದ್ದ. ಟಿಕೆಟ್ಟಿನ ಬೆಲೆ, ಕೋಳಿ, ನೂಡಲ್ಸು, ಒಂದನ್ನೂ ಬಿಟ್ಟಿರಲಿಲ್ಲ. ಬರೆದಷ್ಟನ್ನೂ ನಮಗೆ ಓದಿ ಹೇಳುತ್ತಿದ್ದ.

ನಾನು ಮಾತ್ರ ಗಂಜಿಯ ದಾರಿ ಕಾಯುತ್ತಿದ್ದೆ.

ಕಿಟಕಿಯ ಅಂಚಿನಲ್ಲಿ ಬೆಳಕು ಕೆಂಪಾಗಿ ಕಂಡಾಗ ಗಾಡಿಯ ಸದ್ದಾಯಿತು. ವಾಸನೆಯಿರಲಿಲ್ಲ. ಪೈಶಾನ್ ಒಬ್ಬೊಬ್ಬರ ಕೈಗೂ ಒಂದೊಂದು ಪ್ಲಾಸ್ಟಿಕ್ ಪೊಟ್ಟಣ ಕೊಡುತ್ತ ಬಂದಳು. ಒಳಗೆ ತಣ್ಣನೆಯ ಒಂದು ಬನ್ನು.

"ಇದೇನಾ?" ಎಂದ ತೂ. "ಬೆಳಗಿನ ಊಟ ಇದೇನಾ?"

"ಲಘು ಉಪಾಹಾರ ಸರ್. ಈ ವರ್ಷದಿಂದ ಹೀಗೇ ಮಾಡಿದ್ದಾರೆ."

"ಲಘು ಅನ್ನೋದು ಸರಿ. ಉಪಾಹಾರ ಎಲ್ಲಿ?"

"ಗಂಜಿ ಇಲ್ವೇನಮ್ಮ?" ಎಂದೆ. ನನ್ನ ದನಿ ನನಗೇ ಕೇಳಿಸಲಿಲ್ಲ. ಎಪ್ಪತ್ತಮೂರು ವರ್ಷದವಳು ಹೊರಗಿನವರ ಬಳಿ ಊಟ ಕೇಳಿದ್ದು ಅದೇ ಮೊದಲು.

"ಗಂಜಿ ಮುಂದಿನ ಬಿಸಿನೆಸ್ ಕ್ಲಾಸಿನವರಿಗೆ ಮಾತ್ರ ಅಜ್ಜಿ. ಅದೂ ಲೆಕ್ಕಕ್ಕೆ ಸರಿಯಾಗಿ ಬರುತ್ತೆ." ಅವಳ ಮುಖ ಚಿಕ್ಕದಾಯಿತು. ಹಿಂದಿನವರು ಕೂಗುತ್ತಿದ್ದರು, ಹೋದಳು.

ಬನ್ನನ್ನೇ ಬಿಡಿಸಿ ಅಕ್ಕನ ಮುಂದಿಟ್ಟೆ. "ಅಕ್ಕಾ, ಇವತ್ತು ಇಷ್ಟೇ ಸಿಕ್ಕಿತು. ಸುಧಾರಿಸ್ಕೋ." ನಾಣ್ಯ ಬಿಟ್ಟೆ. ಎರಡೂ ಅಂಕಿ.

"ಏನಂತಾರೆ?" ಎಂದ ತೂ.

"ಬೇಡ ಅಂತಾಳೆ."

ಅವನು ತನ್ನ ಬನ್ನನ್ನೂ ಒಡೆಯದೆ ಅದರ ಪಕ್ಕದಲ್ಲಿಟ್ಟ. "ನನ್ನದೂ ಇರ್ಲಿ. ಜೋಡಿ ಆಯ್ತು. ಈಗ ಕೇಳಿ."

ಎರಡೂ ಮುಖ.

"ನಗ್ತಿದ್ದಾಳೆ."

"ನಗ್ಲಿ ಬಿಡಿ. ನಾನೇ ಆಗಿದ್ರೂ ನಗ್ತಿದ್ದೆ," ಎಂದ. ಆಮೇಲೆ ನನ್ನ ಮುಖ ನೋಡಿ ದನಿ ತಗ್ಗಿಸಿದ. "ಯಾಕೆ, ಅಷ್ಟೊಂದು ದೊಡ್ಡ ವಿಷಯಾನಾ? ಇಳಿದ ತಕ್ಷಣ ಏರ್‌ಪೋರ್ಟಲ್ಲೇ ಗಂಜಿ ಸಿಗುತ್ತಲ್ಲ."

ಹೇಗೆ ತಿಳಿಸಲಿ? ಬರುವುದಿಲ್ಲ ಎಂದಿದ್ದವಳನ್ನು ನಾನು ಮಾತು ಕೊಟ್ಟು ಹೊರಡಿಸಿದ್ದೆ. ಅವಳು ಗಂಡನಿಗಾಗಿ ಎದ್ದು ಬರಲಿಲ್ಲ, ಬೆಟ್ಟಕ್ಕಾಗಿ ಬರಲಿಲ್ಲ. ವಿಮಾನದ ಗಂಜಿಗಾಗಿ ಬಂದಳು. ಆ ಮಾತು ತಪ್ಪಿದರೆ ಅವಳು ಬಂದ ದಾರಿಯಲ್ಲೇ ತಿರುಗಿಹೋಗಬಹುದು. ನಾನು ಬರಿಯ ಬೂದಿ ಹೊತ್ತು ಊರು ಸೇರಬೇಕು, ಗುಡಿಯಲ್ಲಿ ಖಾಲಿ ಜಾಡಿಗೆ ದಿನವೂ ಕೈಮುಗಿಯಬೇಕು. ಕಾಲೇಜು ಓದಿದವಳು, ಭೂಗೋಳ ಕಲಿಸಿದವಳು ಇದನ್ನೆಲ್ಲ ನಂಬುತ್ತೀಯಾ ಎಂದು ನೀವು ಕೇಳಬಹುದು. ಒಬ್ಬರು ಹಸಿದು ಸಾಯುವುದನ್ನು ದಿನವೂ ಪಕ್ಕದಲ್ಲಿ ಕೂತು ನೋಡಿದ ಮೇಲೆ ನಂಬಿಕೆಯ ಪ್ರಶ್ನೆ ಏಳುವುದಿಲ್ಲ. ಅವರ ಮುಂದೆ ಬಿಸಿಯಾಗಿ ಏನಾದರೂ ಇಡಬೇಕು, ಅಷ್ಟೇ ಗೊತ್ತಿರುತ್ತದೆ.

ಇಷ್ಟನ್ನೂ ತೂಗೆ ಹೇಳಿದೆ. ಪೈಶಾನ್ ಖಾಲಿ ಪೊಟ್ಟಣಗಳನ್ನು ಕೇಳುತ್ತ ಬಂದು ಸೀಟಿನ ಹಿಂದೆ ನಿಂತಿದ್ದನ್ನು ನಾನು ಗಮನಿಸಿರಲಿಲ್ಲ.

ಅವಳು ಅಲ್ಲಿಂದ ಹೋದಳು. ಸ್ವಲ್ಪ ಹೊತ್ತಿನಲ್ಲಿ ತಿರುಗಿ ಬಂದಾಗ ಕೈಯಲ್ಲಿ ಬಿಳಿಯ ಬಟ್ಟಲಿತ್ತು. ಮುಚ್ಚಳದ ಅಂಚಿನಿಂದ ಹಬೆ ಏಳುತ್ತಿತ್ತು. ಮಂಡಿಯೂರಿ ಕೂತು, ಬಟ್ಟಲನ್ನು ಅಕ್ಕನ ಮುಂದಿಟ್ಟು, ಮುಚ್ಚಳ ತೆಗೆದು, ಪಕ್ಕದಲ್ಲಿ ಒಂದು ಜೊತೆ ಉಕ್ಕಿನ ಊಟದ ಕಡ್ಡಿ ಇಟ್ಟಳು. ಗೆಣಸಿನ ಹೋಳು ಹಳದಿಯಾಗಿ ಮೇಲೆ ತೇಲುತ್ತಿತ್ತು.

"ದೊಡ್ಡಜ್ಜಿ, ತಡವಾಯ್ತು. ನಿಧಾನವಾಗಿ ಊಟ ಮಾಡಿ," ಎಂದಳು.

ತೂ ಫೋನೆತ್ತಿಕೊಂಡ. "ನಿನ್ನ ಪೂರ್ತಿ ಹೆಸರು ಹೇಳಮ್ಮ."

ಅವಳು ಬೆಚ್ಚಿದಳು. "ದೂರು ಕೊಡ್ತೀರಾ ಸರ್?"

"ಅಯ್ಯೋ, ದೂರಲ್ಲ. ಹೊಗಳಿ ಬರೀತೀನಿ."

"ಅದೂ ಬೇಡ ಸರ್. ಹೊಗಳಿದ್ರೆ, ಯಾಕೆ ಕೊಟ್ಟೆ, ಎಲ್ಲಿಂದ ಕೊಟ್ಟೆ ಅಂತ ಕೇಳ್ತಾರೆ. ಏನೂ ಬರೀಬೇಡಿ."

ತೂ ಫೋನನ್ನು ಮಗುಚಿ ಮಡಿಲಲ್ಲಿಟ್ಟುಕೊಂಡ. ಆಮೇಲೆ ಅದನ್ನು ಮುಟ್ಟಲಿಲ್ಲ.

ಅಕ್ಕ ಈ ಸಲ ಅವಸರ ಮಾಡಲಿಲ್ಲ. ಮೊದಲ ಸಲ ನಾಣ್ಯ ಬಿಟ್ಟಾಗ ಎರಡೂ ಅಂಕಿ. ಇನ್ನೂ ಮುಗಿದಿಲ್ಲ. ತೂ ಕತ್ತು ಚಾಚಿ ನೋಡಿ, "ಬಿಡಿ, ಬಿಡಿ, ಉಣ್ಣೋರನ್ನ ಎಬ್ಬಿಸ್ಬಾರ್ದು," ಎಂದು ಪಿಸುಗುಟ್ಟಿದ. ಕಿಟಕಿ ತೆರೆದೆ. ಕೆಳಗೆ ಮೋಡ, ಮೋಡದ ಸಂದಿನಲ್ಲಿ ಸಮುದ್ರ. "ಅಕ್ಕಾ, ಸಮುದ್ರ ಬಂತು, ದಾಟ್ತಾ ಇದ್ದೀವಿ," ಎಂದೆ. ಹಬೆ ತೆಳುವಾಗುತ್ತ ಬಂತು. ಮತ್ತೆ ನಾಣ್ಯ ಬಿಟ್ಟೆ. ಒಂದು ಉರುಳಿ ಮಡಿಲ ಮಡಿಕೆಯಲ್ಲಿ ನಿಂತಿತು, ಬಗ್ಗಿ ನೋಡಿದೆ. ಒಂದು ಮುಖ, ಒಂದು ಅಂಕಿ.

ಕರವಸ್ತ್ರವನ್ನು ಕಣ್ಣಿಗೆ ಒತ್ತಿಕೊಂಡೆ.

ಹಿರಿಯರು ಉಣ್ಣುವುದು ಹಬೆಯನ್ನು. ಅನ್ನ ಉಳಿದವರದು. ಅವರ ಮುಂದಿಟ್ಟದ್ದನ್ನು ಚೆಲ್ಲಬಾರದು, ಯಾರಾದರೂ ಉಣ್ಣಬೇಕು. ತಿನ್ನಲೆಂದು ಕಡ್ಡಿ ಎತ್ತಿಕೊಂಡೆ. ಆಗ ಅದರ ಹಿಡಿಯ ಮೇಲೆ ಅಂಟಿಸಿದ ಚಿಕ್ಕ ಚೀಟಿ ಕಂಡಿತು. ಶಾಲೆಯ ಮಕ್ಕಳು ಅಂಟಿಸಿಕೊಳ್ಳುವಂಥದ್ದು, ಒಂದು ಹಂಸದ ಚಿತ್ರ, ಪಕ್ಕದಲ್ಲಿ ಪೈಶಾನ್ ಎಂಬ ಹೆಸರು. ವಿಮಾನದವರ ಕಡ್ಡಿಯಲ್ಲ ಅದು. ಮನೆಯಿಂದ ತಂದ ಅವಳ ಸ್ವಂತದ್ದು. ಗಂಜಿಯೂ ಮುಂದಿನ ಕ್ಲಾಸಿನದ್ದಲ್ಲ ಎಂದು ಆಗ ಹೊಳೆಯಿತು.

ತೂ ಎದ್ದು ದಾರಿ ಬಿಟ್ಟ. ಬಟ್ಟಲಿಗೆ ಮುಚ್ಚಳ ಹಾಕಿ, ಸೀಟುಗಳನ್ನು ಹಿಡಿದುಕೊಳ್ಳುತ್ತ ಹಿಂದಕ್ಕೆ ನಡೆದೆ.

ಪರದೆಯ ಒಳಗೆ ಇನ್ನೊಬ್ಬ ಗಗನಸಖಿ ಮಾತಾಡುತ್ತಿದ್ದಳು. "ಏನೇ ಇದು, ಉಪವಾಸ ವ್ರತಾನಾ? ಬಿಸಿಗಿಟ್ಟಿದ್ದ ನಿನ್ನ ಗಂಜಿ ಎಲ್ಲಿ?"

"ತಿಂದೆ," ಎಂದಳು ಪೈಶಾನ್.

"ಸುಳ್ಳಿ. ಹೊಟ್ಟೆ ಗುರುಗುಟ್ಟೋದು ಇಲ್ಲಿಗೆ ಕೇಳಿಸ್ತಿದೆ."

ನಾನು ಪರದೆ ಸರಿಸಿದೆ. ಮಡಚುವ ಪುಟ್ಟ ಆಸನದ ಮೇಲೆ ಪೈಶಾನ್ ಒಂದು ಲೋಟ ಬಿಸಿನೀರು ಹಿಡಿದು ಕೂತಿದ್ದಳು. ಬೂಟುಗಳನ್ನು ಕಳಚಿ ಕಾಲುಬೆರಳು ಚಾಚಿದ್ದವಳು ಗಡಬಡಿಸಿ ಎದ್ದಳು.

"ಏನಾದ್ರೂ ಬೇಕಿತ್ತಾ ಅಜ್ಜಿ? ಗುಂಡಿ ಒತ್ತಬಾರದಿತ್ತಾ?"

"ಕೂತ್ಕೋ ಮಗಳೇ. ಅಕ್ಕನ ಊಟ ಆಯ್ತು. ನೀನು ಉಣ್ಣದೆ ಏಳಬಾರದಂತೆ."

"ಬೇಡ ಅಜ್ಜಿ, ನೀವು ತಿನ್ನಿ. ನಂಗೆ ಹಸಿವಿಲ್ಲ."

"ಸರಿ."

"ನಿಜವಾಗ್ಲೂ ಬೇಡ ಅಜ್ಜಿ."

"ಆಯ್ತಮ್ಮ," ಎಂದೆ. ಮುಚ್ಚಳ ತೆಗೆದು, ಕಡ್ಡಿಗಳನ್ನು ಒರೆಸಿ ಬಟ್ಟಲಿನ ಮೇಲೆ ಅಡ್ಡ ಇಟ್ಟು, ಎರಡೂ ಕೈಯಲ್ಲಿ ಹಿಡಿದು ಅವಳ ಕೈಗೆ ಕೊಟ್ಟೆ.